ಎಲ್ಲಿ ಹರಿದಿತ್ತು, ಹೇಳು

ಬೀದಿಯ ತಿರುವಿನಲ್ಲಿದ್ದ ಆ ಅಂಗಡಿಗೆ ಬಾಗಿಲು ಒಂದೇ, ಮೇಜೂ ಒಂದೇ. ಆದರೆ ಮೇಜಿನ ಎರಡು ತುದಿಗೆ ಎರಡು ರಾಜ್ಯ. ಕಿಟಕಿಯ ಕಡೆಯ ತುದಿಯಲ್ಲಿ ಗಂಡ ಕೂತು ಹರಿದ ಬಟ್ಟೆಗೆ ರಫೂ ಹಾಕುತ್ತಿದ್ದರು. ಬಾಗಿಲ ಕಡೆಯ ತುದಿಯಲ್ಲಿ ಹೆಂಡತಿ ನಿಂತು ಹೊಸ ಬಟ್ಟೆ ಕತ್ತರಿಸುತ್ತಿದ್ದಳು. ಬೀದಿಯವರ ಬಾಯಲ್ಲಿ ಅವರು ರಫೂಗಾರರು, ಆಕೆ ಕತ್ತರಿಯಮ್ಮ. "ನಾನು ಕತ್ತರಿಸೋದು, ಇವರು ಕೂಡಿಸೋದು. ಹಿಂದುಮುಂದಾಗಿದ್ರೆ ಎಂದೋ ಮನೆ ಎರಡಾಗ್ತಿತ್ತು" ಎಂದು ಆಕೆ ಗಿರಾಕಿಗಳ ಮುಂದೆ ನಗೆಯಾಡುತ್ತಿದ್ದಳು. ರಫೂಗಾರರು ಸದಾ ಹಲ್ಲಲ್ಲಿ ದಾರ ಕಚ್ಚಿಕೊಂಡಿರುತ್ತಿದ್ದುದರಿಂದ ತಿರುಗಿ ಮಾತಾಡುವ ಅವಕಾಶ ಅವರಿಗೆ ಸಿಗುತ್ತಿರಲಿಲ್ಲ.

ರಫೂ ಅಂದರೆ ತೇಪೆಯಲ್ಲ. ತೇಪೆ ಊರಿಗೆಲ್ಲ ಕಾಣುತ್ತದೆ. ರಫೂಗಾರರು ಅದೇ ಬಟ್ಟೆಯ ಒಳಮಡಿಕೆಯಿಂದ ಒಂದೊಂದೇ ಎಳೆ ಬಿಡಿಸಿ ತೆಗೆದು, ಹರಿದ ಜಾಗದಲ್ಲಿ ಉದ್ದಕ್ಕೆ ಉದ್ದ, ಅಡ್ಡಕ್ಕೆ ಅಡ್ಡ ಕೂರಿಸಿ, ಅಲ್ಲೊಂದು ತೂತಿತ್ತು ಎನ್ನುವುದನ್ನೇ ಬಟ್ಟೆ ಮರೆತುಬಿಡುವ ಹಾಗೆ ಮಾಡುತ್ತಿದ್ದರು. ಕೆಲಸ ಮುಗಿದ ಮೇಲೆ ಬಟ್ಟೆಯನ್ನು ಮೇಜಿನ ಮೇಲೆ ಜಾರಿಸಿ ಹೆಂಡತಿಯ ತುದಿಗೆ ಕಳಿಸುವರು. ಆಮೇಲೆ ಆಟ.

"ಎಲ್ಲಿ ಹರಿದಿತ್ತು, ಹೇಳು."

ಆಕೆ ಬಟ್ಟೆಯನ್ನು ನೋಡುತ್ತಲೇ ಇರಲಿಲ್ಲ. ಮುಖವನ್ನು ಸೂರಿನ ಕಡೆಗೆತ್ತಿ, ಬಲಗೈ ಹೆಬ್ಬೆರಳನ್ನು ಬಟ್ಟೆಯ ಮೇಲೆ ಮೆಲ್ಲಗೆ ಓಡಿಸುವಳು. ಹೆಬ್ಬೆರಳು ಹೋಗುತ್ತ ಹೋಗುತ್ತ ಒಂದು ಕಡೆ ನಿಂತುಬಿಡುವುದು. "ಇಲ್ಲಿ. ಒಂದೆಳೆ ಬಿಗಿಯಾಗಿದೆ." ಅವರು ಮುಖ ಊದಿಸಿಕೊಂಡು ಬಟ್ಟೆಯನ್ನು ವಾಪಸ್ಸು ಎಳೆದುಕೊಳ್ಳುವರು. ಆ ಹೆಬ್ಬೆರಳು ಒಪ್ಪದೆ ಯಾವ ಬಟ್ಟೆಯೂ ಅಂಗಡಿಯ ಹೊಸಿಲು ದಾಟುತ್ತಿರಲಿಲ್ಲ. ಒಪ್ಪಿದ ಬಟ್ಟೆಯಲ್ಲೂ ಜಾಗ ಮಾತ್ರ ಸಿಕ್ಕೇ ಸಿಗುತ್ತಿತ್ತು. "ಒಂದು ಸಲವಾದರೂ ಸೋಲು ಮಾರಾಯ್ತಿ" ಎಂದರೆ, "ನಿಮ್ಮ ಮುತ್ತಜ್ಜ ಎದ್ದು ಬಂದು ಹಾಕಿದ್ರೂ ಸಿಗತ್ತೆ ಬಿಡಿ" ಎನ್ನುವಳು.

ಎದುರು ಸಾಲಿನ ಕೊನೆಯ ಮನೆ ಪಿಟೀಲು ಮೇಷ್ಟ್ರದು. ಒಂಟಿ ಜೀವ. ಜೊತೆಗೆ ಕರುವಿನೆತ್ತರದ ಒಂದು ನಾಯಿ. ಅದಕ್ಕೆ ಮುದ್ದು ಎಂದು ಹೆಸರಿಟ್ಟಿದ್ದರು. ಮರಿಯಾಗಿದ್ದಾಗ ಇಟ್ಟ ಹೆಸರು, ಆಮೇಲೆ ಬದಲಾಯಿಸುವುದು ಹೇಗೆ? ಬೀದಿಯ ಮಕ್ಕಳು ಅದರ ಬೆನ್ನು ಸವರುತ್ತಿದ್ದರು. ಕತ್ತರಿಯಮ್ಮ ಬಟ್ಟೆ ಕೊಡಲು ಹೋದಾಗಲೆಲ್ಲ ಅದು ಒಂದೇ ಕಣ್ಣು ತೆರೆದು ನೋಡಿ ಮತ್ತೆ ಮುಚ್ಚಿಕೊಳ್ಳುತ್ತಿತ್ತು.

ಚಳಿ ಹಿಡಿದುಕೊಂಡಿದ್ದ ಒಂದು ಬೆಳಿಗ್ಗೆ ಆಕೆ ತಾನೇ ಕತ್ತರಿಸಿ ಹೊಲಿದುಕೊಂಡಿದ್ದ ಬೂದು ಉಣ್ಣೆ ಕೋಟು ತೊಟ್ಟು, ಮೇಷ್ಟ್ರ ಅಂಗಿಗಳನ್ನು ಕೊಟ್ಟುಬರಲು ಹೋದಳು. ಅವರು ಸಂಗೀತ ಕಛೇರಿಗೆ ಹಾಕಿಕೊಳ್ಳುವ ಕಪ್ಪು ಕೋಟನ್ನು ತಂದುಕೊಟ್ಟರು. ಜೇಬಿನ ಹತ್ತಿರ ಹರಿದಿತ್ತು. "ಒಂದು ಗುಂಡಿನೂ ಬಿದ್ದುಹೋಗಿದೆ ಕಣಮ್ಮ, ಒಳಗೆ ಎಲ್ಲೋ ಇದೆ, ತರ್ತೀನಿ, ಇರು" ಎಂದು ಒಳಗೆ ಹೋದರು. ಆಕೆ ಕಪ್ಪು ಕೋಟನ್ನು ತೋಳಿನ ಮೇಲೆ ಹಾಕಿಕೊಂಡು ಗೇಟಿನತ್ತ ನಾಲ್ಕು ಹೆಜ್ಜೆ ನಡೆದಳು. ಯಜಮಾನನ ವಾಸನೆಯ ಕೋಟನ್ನು ಯಾರೋ ಹೊತ್ತುಕೊಂಡು ಹೋಗುತ್ತಿದ್ದಾರೆ ಎಂದು ಆ ಮೂಕಪ್ರಾಣಿಗೆ ಅನಿಸಿತೋ ಏನೋ. ಹಿಂದಿನಿಂದ ಬಂದು, ಆಕೆಯ ತೋಳನ್ನು ಮೊಣಕೈಯ ಹಿಂಭಾಗದಲ್ಲಿ ಹಿಡಿದು ಎಳೆಯಿತು. ಉಣ್ಣೆ ಪರ್ರೆಂದಿತು. ಆಕೆ ತಿರುಗಿದಳು. ನಾಯಿ ತೋಳು ಬಿಟ್ಟು ಕೈ ಹಿಡಿಯಿತು.

ಇಷ್ಟನ್ನೂ ಆಕೆ ಆಸ್ಪತ್ರೆಯ ಮಂಚದ ಮೇಲೆ ಗಂಡನಿಗೆ ಹೇಳಿದಳು. ಕಿರುಚಾಟ ಕೇಳಿ ಓಡಿಬಂದ ಮೇಷ್ಟ್ರು ಬರಿಗಾಲಲ್ಲೇ ರಸ್ತೆಗಿಳಿದು ಗಾಡಿ ಹಿಡಿದಿದ್ದರು. ದಾರಿಯುದ್ದಕ್ಕೂ ಆಕೆಯ ಕೈಗೆ ಟವಲು ಸುತ್ತಿ, ಮೇಲಕ್ಕೆತ್ತಿ ಹಿಡಿದುಕೊಂಡು, ತಾವೇ ಅಳುತ್ತ ಕೂತಿದ್ದರಂತೆ. "ನಂಗೆ ನೋವು, ಅವರಿಗೆ ಅಳು. ಕೊನೆಗೆ ನಾನೇ ಸಮಾಧಾನ ಮಾಡಬೇಕಾಯ್ತು" ಎಂದು ಆಕೆ ಬಾಡಿದ ಮುಖದಲ್ಲೂ ನಕ್ಕಳು.

ಹೆಬ್ಬೆರಳಿನ ಬುಡದ ಸ್ನಾಯು ಹರಿದಿತ್ತು. ಡಾಕ್ಟರು ಕೂಡಿಸಿ ಹೊಲಿದರು. ಒಬ್ಬ ನರ್ಸು, ಗಂಡ ನೋಡಿ ಗಾಬರಿಯಾಗಬಾರದು ಎಂದೋ ಏನೋ, ರಕ್ತವಾಗಿದ್ದ ತೋಳು ಒಳಗೆ ಬರುವಂತೆ ಕೋಟನ್ನು ಮಡಚಿ, ಚೀಲದಲ್ಲಿ ಹಾಕಿ ಕೊಟ್ಟಳು. ಜೊತೆಗೆ ಮೇಷ್ಟ್ರ ಕಪ್ಪು ಕೋಟೂ ಬಂತು.

ಆಕೆ ಆಸ್ಪತ್ರೆಯಲ್ಲಿದ್ದಷ್ಟು ದಿನ ರಫೂಗಾರರಿಗೆ ಅಂಗಡಿಯಲ್ಲಿ ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ನೋಡಲು ಬಿಡುವ ಹೊತ್ತು ಬಿಟ್ಟರೆ ಆಸ್ಪತ್ರೆಯಲ್ಲಿ ಅವರಿಗೇನು ಕೆಲಸ? ಔಷಧಿ ಕೊಡುವವರು ಬೇರೆ, ಕಟ್ಟು ಬಿಚ್ಚುವವರು ಬೇರೆ. ತಮ್ಮ ಕೈಯಿಂದ ಆಗುವುದು ಏನು ಎಂದು ನೋಡಿಕೊಂಡರೆ ಒಂದೇ ಒಂದು ಇತ್ತು. ಚೀಲ ಬಿಚ್ಚಿ ಬೂದು ಕೋಟು ತೆಗೆದರು. ತಣ್ಣೀರಲ್ಲಿ ನೆನೆಸಿ, ಸೋಪು ಮುಟ್ಟಿಸಿ, ಉಜ್ಜದೆ ಒತ್ತಿ ಒತ್ತಿ ರಕ್ತ ತೆಗೆದರು. ಕಿಟಕಿಯ ಬೆಳಕಿರುವಷ್ಟು ಹೊತ್ತೂ ತೋಳಿನ ಹಿಂಭಾಗದ ಆ ಉದ್ದನೆಯ ಹರಕಿನ ಮುಂದೆ ಕೂತರು. ನಾಯಿಯ ಹಲ್ಲು ಕತ್ತರಿಯ ಹಾಗಲ್ಲ, ಎಳೆಗಳನ್ನು ಕಿತ್ತು ಚೆಲ್ಲಾಪಿಲ್ಲಿ ಮಾಡಿತ್ತು. ಅಂಚಿನ ಒಳಮಡಿಕೆಯಿಂದ ಎಳೆ ತೆಗೆದು ಒಂದೊಂದಾಗಿ ಕೂರಿಸಿದರು. ಬದುಕಿನಲ್ಲೇ ಅಷ್ಟು ಚೆನ್ನಾಗಿ ಅವರು ಯಾವುದನ್ನೂ ಮಾಡಿರಲಿಲ್ಲ.

ಆಕೆ ಮನೆಗೆ ಬಂದು, ಕೈಯ ಕಟ್ಟು ಬಿಚ್ಚಿದ ದಿನವೇ ಅವರು ಕೋಟನ್ನು ಹಿಡಿದು ಎದುರು ನಿಂತರು. ಆಕೆ ಬಾಯಿ ತೆರೆದು ನೋಡಿದಳು. ಕಣ್ಣಲ್ಲಿ ನೀರು ಬಂತು. "ಅಯ್ಯೋ, ಇದನ್ನ ಇನ್ನು ಬಿಸಾಕೋದೇ ಅಂತಿದ್ದೆ..."

"ಎಲ್ಲಿ ಹರಿದಿತ್ತು, ಹೇಳು."

"ಯಾವ ತೋಳು ಅಂತ ನಂಗೆ ಗೊತ್ತಲ್ಲ! ಇದೆಂಥ ಆಟ?"

"ತೋಳು ಗೊತ್ತು. ಜಾಗ ಹೇಳು. ಎಲ್ಲಿಂದ ಎಲ್ಲಿಗೆ?"

ಆಕೆ ಎಂದಿನಂತೆ ಮುಖ ಮೇಲೆತ್ತಿ, ಗಾಯದ ಗೆರೆಯಿನ್ನೂ ಕೆಂಪಾಗಿದ್ದ ಹೆಬ್ಬೆರಳನ್ನು ತೋಳಿನ ಮೇಲೆ ಓಡಿಸಿದಳು. ಹೆಬ್ಬೆರಳು ಹೋಯಿತು, ಬಂತು, ಮತ್ತೆ ಹೋಯಿತು. ನಿಲ್ಲಲಿಲ್ಲ. "ಸಿಗ್ತಿಲ್ಲ ಕಣ್ರೀ" ಎಂದಳು ಮೆಲ್ಲಗೆ. "ನೀವು ಗೆದ್ರಿ."

ರಫೂಗಾರರಿಗೆ ನೆಲವೇ ಕಾಣಲಿಲ್ಲ. ಇಡೀ ದಿನ ಮುಖ ಇಷ್ಟಗಲ. ಬೀದಿಯ ತರಕಾರಿಯವನಿಗೆ ಹೇಳಿದರು, ಅಂಚೆಯವನಿಗೆ ಹೇಳಿದರು, ಕನ್ನಡಕ ಮರೆತು, ಬೇರೆ ಅಂಗಡಿಯೆಂದು ಒಳಗೆ ಬಂದ ಅಪರಿಚಿತನನ್ನೂ ನಿಲ್ಲಿಸಿ ಹೇಳಿದರು.

ಹೆಬ್ಬೆರಳು ಮಡಚುತ್ತಿತ್ತು, ಚಾಚುತ್ತಿತ್ತು. ಆದರೆ ದೊಡ್ಡ ಕತ್ತರಿ ಹಿಡಿದರೆ ನಿಲ್ಲುತ್ತಿರಲಿಲ್ಲ. ಹಿಡಿ ಜಾರುವುದು, ಬಟ್ಟೆಯ ಮೇಲೆ ಗೆರೆ ಸೊಟ್ಟಗಾಗುವುದು. ಒಬ್ಬರ ಮದುವೆ ಸೂಟಿನ ಬಟ್ಟೆ ಹಾಳಾದ ಮೇಲೆ ಆಕೆ ಕತ್ತರಿಯನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟಳು. ಕೈಗೆ ವ್ಯಾಯಾಮ ಮಾಡಿಸುವವರ ಬಳಿ ತಿಂಗಳುಗಟ್ಟಲೆ ಹೋಗಬೇಕು, ಆಮೇಲೆ ಇನ್ನೊಂದು ಆಪರೇಷನ್ ಬೇಕಾದರೂ ಬೇಕು ಎಂದಿದ್ದರು ಡಾಕ್ಟರು. ಅಂಗಡಿಯ ಅರ್ಧ ಸಂಪಾದನೆ ಆಕೆಯ ಕತ್ತರಿಯದು.

ಮೇಷ್ಟ್ರ ಮನೆಗೆ ವಿಮೆ ಇತ್ತು. ಆ ಮನೆಯ ನಾಯಿಯಿಂದ ಇನ್ನೊಬ್ಬರಿಗೆ ಆದ ಪೆಟ್ಟಿಗೂ ಅದು ಅನ್ವಯಿಸುತ್ತಿತ್ತು. "ಕೇಳಿ, ಖಂಡಿತ ಕೇಳಿ, ನಾನೇ ಅವರಿಗೆ ಬರೀತೀನಿ" ಎಂದು ಮೇಷ್ಟ್ರೇ ಮನೆಗೆ ಬಂದು ಹೇಳಿದ್ದರು. ಬರೆದೂ ಬರೆದರು. ಕಂಪನಿಯ ಉತ್ತರ ಬಂದಾಗ ಅದನ್ನು ಓದಿದವಳು ಕತ್ತರಿಯಮ್ಮನ ತಂಗಿ. ಬಸ್ಸಿನವರ ಕಚೇರಿಯಲ್ಲಿ, ಜನ ಬಿಟ್ಟುಹೋದ ಸಾಮಾನು ಕಾಯುವ ಕೆಲಸ ಅವಳದು. ಹೇಳಿದ್ದನ್ನು ಹೇಳಿದಂತೆ ನಂಬುವ ಅಭ್ಯಾಸ ಅವಳಿಗಿರಲಿಲ್ಲ.

"ಭಾವ, ಇವರು ಕಾಲುಭಾಗನೂ ಕೊಡಲ್ಲ ಅಂತಿದ್ದಾರೆ. ಬೆರಳು ಮಡಚತ್ತೆ, ಅದಕ್ಕೆ ಸಣ್ಣ ಗಾಯವಂತೆ. ಅದರಲ್ಲೂ ತಪ್ಪು ಅಕ್ಕಂದೇ ಅಂತೆ. ಅವಳೇ ನಾಯಿ ಮುಖಕ್ಕೆ ಕೈ ಚಾಚಿದಳಂತೆ. ಮೇಷ್ಟ್ರು ನೋಡಿದಾರಂತೆ."

"ಮೇಷ್ಟ್ರು ಹಾಗಂದ್ರಾ?" ಕತ್ತರಿಯಮ್ಮ ಕುರ್ಚಿಯ ತುದಿಗೆ ಬಂದಳು. "ಅವರು ಒಳಗೆ ಗುಂಡಿ ಹುಡುಕ್ತಿದ್ರು..."

"ಅಂದಿದಾರೆ. ಸೈನೂ ಹಾಕಿದಾರೆ. ಟವಲು ಸುತ್ತಿದ ಕೈಯಿಂದಲೇ."

"ನಾಯಿ ಮೇಲಿನ ಪ್ರೀತಿ ಕಣೇ. ಅದು ಸುಮ್ಮಸುಮ್ಮನೆ ಕಚ್ತು ಅಂತ ಅವರಿಗೆ ನಂಬೋಕಾಗಿರಲ್ಲ."

"ನೀನು ಎಲ್ಲರನ್ನೂ ಹೊಟ್ಟೆಗೆ ಹಾಕ್ಕೋ. ಕತ್ತರಿ ಹಿಡಿಯೋದು ಯಾರು, ಮುದ್ದುನಾ?" ತಂಗಿ ಕನ್ನಡಕವನ್ನು ಹಣೆಗೇರಿಸಿದಳು. ಇದ್ದಕ್ಕಿದ್ದಂತೆ ಅವಳ ಮುಖ ಅರಳಿತು. "ಇರಿ ಇರಿ! ಕೋಟು! ತೋಳು ಹಿಂದಿನಿಂದ ಹರಿದಿದೆ ಅಂದ್ರೆ ನಾಯಿ ಹಿಂದಿನಿಂದ ಬಂತು ಅಂತ ತಾನೆ? ಮುಖಕ್ಕೆ ಕೈ ಚಾಚಿದವರ ತೋಳು ಬೆನ್ನ ಕಡೆ ಹರಿಯತ್ತಾ? ನಮ್ಮಲ್ಲಿ ಒಂದು ಕೊಡೆ ವಾಪಸ್ ಕೊಡಬೇಕಾದ್ರೂ ಹಿಡಿ ಯಾವ ಬಣ್ಣ ಅಂತ ಕೇಳ್ತೀವಿ. ಸಾಕ್ಷಿ ಅಂದ್ರೆ ಅದು. ತನ್ನಿ ಭಾವ ಕೋಟು!"

ರಫೂಗಾರರು ಎದ್ದರು. ಗೂಟದಿಂದ ಕೋಟು ತೆಗೆಯುವಾಗಲೇ ಅವರಿಗೆ ಅರ್ಥವಾಗಿತ್ತು. ತಂದು ಮೇಜಿನ ಮೇಲೆ ಇಟ್ಟರು. ನಾದಿನಿ ತೋಳನ್ನು ತಿರುಗಿಸಿದಳು, ಮಡಚಿದಳು, ಒಳಗು ಹೊರಗು ಮಾಡಿದಳು, ಕಿಟಕಿಗೆ ಹಿಡಿದಳು.

"ಎಲ್ಲಿ ಭಾವ?"

ಅವರು ಮೊಣಕೈಯ ಹಿಂದೆ ಬೆರಳಿಟ್ಟು ತೋರಿಸಿದರು.

"ಭಾವ... ರಫೂ ಹಾಕಿಬಿಟ್ರಾ?"

"ಅವಳು ಬಂದಾಗ ಅದು ಹಾಗೆ ನೇತಾಡ್ತಿರಬಾರದು ಅಂತ..."

"ಫೋಟೋ?"

ಅವರು ತಲೆಯಾಡಿಸಿದರು. ಹರಿದ ಬಟ್ಟೆಗೆ ಯಾರು ಫೋಟೋ ತೆಗೆಯುತ್ತಾರೆ? ಆಸ್ಪತ್ರೆಯವರು ಕೈಯ ಫೋಟೋ ತೆಗೆದಿದ್ದರು. ಕೋಟು ಅವರಿಗೆ ಏನಾಗಬೇಕು?

ನಾದಿನಿ ಕೋಪಿಸಿಕೊಂಡಿದ್ದರೆ ಚೆನ್ನಾಗಿತ್ತು. ಅವಳು ಕೂತು, ತೋಳನ್ನು ನಿಧಾನವಾಗಿ ಸವರಿ, "ಎಂಥ ಕೆಲಸ ಭಾವ, ಕಣ್ಣಿಗೆ ಒತ್ತಿಕೊಳ್ಳೋ ಹಾಗಿದೆ" ಎಂದಳು. ಅದು ಬೈಗುಳಕ್ಕಿಂತ ಹೆಚ್ಚಾಗಿ ಚುಚ್ಚಿತು.

"ಬಿಚ್ಚಿಬಿಡ್ಲಾ? ಎಳೆ ಎಲ್ಲಾ ತೆಗೆದ್ರೆ ಮತ್ತೆ ತೂತಾಗತ್ತೆ."

"ಆಗ ಅದು ನೀವು ಮಾಡಿದ ತೂತು. ನಾಯಿ ಮಾಡಿದ್ದಲ್ಲ. ಸುಳ್ಳು ಸೃಷ್ಟಿ ಮಾಡಿದ್ರು ಅಂತ ಇರೋದನ್ನೂ ಕಿತ್ಕೊಳ್ತಾರೆ. ಬೇಡ. ಮೇಲಿನವರು ಕರೆದು ಕೇಳಲಿ ಅಂತ ಬರೆಯೋಣ. ಏನಾಗತ್ತೋ ಆಗಲಿ."

ಅಲ್ಲಿಂದ ಮುಂದೆ ರಫೂಗಾರರಿಗೆ ಆ ಕೋಟನ್ನು ಕಂಡರೆ ಆಗದು. ಗೂಟದ ಮೇಲೆ ಬೂದು ಕೋಟು, ಪಕ್ಕದ ಗೂಟದ ಮೇಲೆ ಮೇಷ್ಟ್ರ ಕಪ್ಪು ಕೋಟು. ಒಂದನ್ನು ಅವರು ಮಾಡಬಾರದ ಹೊತ್ತಿನಲ್ಲಿ ರಿಪೇರಿ ಮಾಡಿದ್ದರು, ಇನ್ನೊಂದನ್ನು ಮುಟ್ಟುವ ಮನಸ್ಸಿರಲಿಲ್ಲ. ಹೆಂಡತಿ ಒಂದು ಮಾತೂ ಆಡಲಿಲ್ಲ. ಆಡದಿದ್ದುದೇ ಅವರಿಗೆ ದೊಡ್ಡದಾಯಿತು. ಒಮ್ಮೆ ಚಹಾ ಸೋಸುವಾಗ ಆಕೆಯ ಬಲಗೈ ಹೆಬ್ಬೆರಳಿನ ಮೇಲೆ ಬೊಬ್ಬೆ ಕಂಡರು. "ಇದೇನೇ, ಸುಟ್ಟುಕೊಂಡಿದೀಯ?" ಆಕೆ ನೋಡಿಕೊಂಡು, "ಹೌದಲ್ಲ, ಯಾವಾಗ ಸುಟ್ಟಿತೋ" ಎಂದು ಕೈಯನ್ನು ಏಪ್ರನ್ನಿನ ಜೇಬಿಗೆ ಸೇರಿಸಿದಳು. ಅವರು ಮುಲಾಮು ತಂದು ಹಚ್ಚಿದರು. ಅದರಾಚೆಗೆ ಯೋಚಿಸಲಿಲ್ಲ. ಅವರ ತಲೆಯಲ್ಲಿ ಬರೀ ಕೋಟು.

ಕಂಪನಿಯ ದೊಡ್ಡ ಕಚೇರಿಯಿಂದ ಕರೆ ಬಂತು. ಮೂರನೆಯ ಮಹಡಿಯಲ್ಲಿ ಉದ್ದನೆಯ ಮೇಜಿದ್ದ ಕೋಣೆ. ಮುಚ್ಚಳವಿದ್ದ ನೀರಿನ ಜಗ್ಗು, ಗೋಡೆಯ ಮೇಲೆ ಯಾವುದೋ ಬೆಟ್ಟದ ಚಿತ್ರ. ವಿಚಾರಿಸಲು ಬಂದ ಅಧಿಕಾರಿ ನಡುವಯಸ್ಸಿನ ಹೆಂಗಸು. ಕತ್ತರಿಯಮ್ಮನ ಕಣ್ಣಿಗೆ ಬಿಸಿಲು ಹೊಡೆಯುತ್ತಿದೆ ಎಂದು ತಾನೇ ಎದ್ದು ಪರದೆ ಸರಿಸಿದಳು. ಮೇಷ್ಟ್ರೂ ಬಂದಿದ್ದರು. ದೂರದ ಕುರ್ಚಿಯಲ್ಲಿ, ಪ್ಯಾಂಟಿನ ಮೇಲಿನ ನಾಯಿಕೂದಲನ್ನು ಒಂದೊಂದಾಗಿ ಆಯ್ದು ತೆಗೆಯುತ್ತ ಕೂತಿದ್ದರು. ಯಾರ ಮುಖವನ್ನೂ ನೋಡಲಿಲ್ಲ.

ಅಧಿಕಾರಿ ಎಲ್ಲವನ್ನೂ ತಾಳ್ಮೆಯಿಂದ ಕೇಳಿದಳು. ಕೋಟನ್ನು ಎತ್ತಿಕೊಂಡು ಬೆಳಕಿಗೆ ಹಿಡಿದಳು. ಬೆರಳಾಡಿಸಿದಳು.

"ಇಲ್ಲಿ ಹರಿದಿತ್ತು ಅಂತೀರಿ."

"ಹೌದು."

"ನನ್ನ ಕಣ್ಣಿಗೆ ಏನೂ ಕಾಣ್ತಿಲ್ಲ. ಕಾಣದೆ ಇರೋದನ್ನ ನಾನು ಹೇಗೆ ಬರೀಲಿ, ಹೇಳಿ?" ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ನಿಜವಾಗಿ ಬೇಜಾರಿತ್ತು.

ತಟ್ಟನೆ ರಫೂಗಾರರಿಗೆ ಹೊಳೆಯಿತು. ಇಷ್ಟು ದಿನ ಯಾಕೆ ಹೊಳೆದಿರಲಿಲ್ಲ? "ಇವಳು ಹೇಳ್ತಾಳೆ! ನಿಮಗೆ ಕಾಣದೆ ಇರಬಹುದು, ಇವಳ ಹೆಬ್ಬೆರಳಿಗೆ ಸಿಗತ್ತೆ. ನಾನು ಹಾಕಿದ್ದು ಇವಳಿಗೆ ಸಿಗದೇ ಇರೋದೇ ಇಲ್ಲ. ಎಲ್ಲಿಂದ ಎಲ್ಲಿಗೆ ಅಂತ ಕಣ್ಣು ಮುಚ್ಕೊಂಡು ಹೇಳ್ತಾಳೆ. ನೀವು ಸೀಮೆಸುಣ್ಣದಲ್ಲಿ ಗುರುತು ಮಾಡ್ಕೊಳ್ಳಿ. ಆಮೇಲೆ ನಾನು ಬಿಚ್ಚಿ ತೋರಿಸ್ತೀನಿ, ಅದೇ ಜಾಗ ಇರತ್ತೆ."

"ಮನೇಲಿ ಸಿಗಲಿಲ್ಲವಲ್ಲ ಕಣ್ರೀ" ಎಂದಳು ಹೆಂಡತಿ, ಕೇಳಿಸದಷ್ಟು ಮೆಲ್ಲಗೆ.

"ಆವತ್ತು ನಿಂಗೆ ಸುಸ್ತಿತ್ತು. ನೋಡು, ಇವತ್ತು ನೋಡು." ಅವರು ಕೋಟನ್ನು ಆಕೆಯ ಮುಂದೆ ಹಾಸಿದರು.

ಆಕೆ ಗಂಡನ ಮುಖ ನೋಡಿದಳು. ಆಮೇಲೆ ಮುಖವನ್ನು ಸೂರಿನ ಕಡೆಗೆತ್ತಿ, ಹೆಬ್ಬೆರಳನ್ನು ತೋಳಿನ ಮೇಲಿಟ್ಟು ಓಡಿಸಿದಳು. ರಫೂಗಾರರು ಆ ಹೆಬ್ಬೆರಳನ್ನೇ ನೋಡುತ್ತಿದ್ದರು. ಅದು ರಫೂ ಶುರುವಾಗುವ ಜಾಗಕ್ಕೆ ಬಂತು. ದಾಟಿತು. ಮಣಿಕಟ್ಟಿನವರೆಗೂ ಹೋಯಿತು, ತಿರುಗಿ ಬಂತು, ಮತ್ತೆ ದಾಟಿತು. ಬರುವ ದಾರಿಯಲ್ಲಿ ತೋಳಿನ ಗುಂಡಿಯೊಂದಕ್ಕೆ ಬಡಿಯಿತು. ಗುಂಡಿ ಅಂದರೆ ಎಲುಬಿನ ಗಟ್ಟಿ ಗುಂಡಿ, ಕುರುಡರಿಗೂ ತಾಕುವಂಥದ್ದು. ಹೆಬ್ಬೆರಳು ಅದರ ಮೇಲೆಯೇ ಹತ್ತಿ ಇಳಿಯಿತು. ಆಕೆಯ ಮುಖದಲ್ಲಿ ಒಂದು ಚೂರೂ ಬದಲಾವಣೆಯಿಲ್ಲ. ಅಲ್ಲೊಂದು ಗುಂಡಿ ಇದೆ ಎಂದೇ ಆಕೆಗೆ ಗೊತ್ತಾಗಿರಲಿಲ್ಲ.

ಅವರು ಆಕೆಯ ಕೈ ಹಿಡಿದು ನಿಲ್ಲಿಸಿದರು.

"ಇದೇನೇ?"

"ಏನಿಲ್ಲ."

"ಏನು ಮುಟ್ಟಿದೆ ಈಗ?"

ಆಕೆ ಕೋಟಿನತ್ತ ಕಣ್ಣು ಇಳಿಸಿದಳು.

"ಬೆರಳಲ್ಲಿ ಸ್ಪರ್ಶ ಇಲ್ವಾ?"

"ಮೊದಲಿಂದಾನೂ ಇಲ್ಲ. ಕಟ್ಟು ಬಿಚ್ಚಿದಾಗಿನಿಂದ." ಆಕೆ ಕೈ ಬಿಡಿಸಿಕೊಂಡಳು. "ಬರತ್ತೆ ಬರತ್ತೆ ಅಂದ್ಕೊಂಡೆ. ಡಾಕ್ಟರ್ ಮಡಚು ಅಂದ್ರು, ಮಡಚಿದೆ. ಚಾಚು ಅಂದ್ರು, ಚಾಚಿದೆ. ತಾಕತ್ತಾ ಅಂತ ಅವರು ಕೇಳಲಿಲ್ಲ."

"ನಂಗಾದ್ರೂ ಹೇಳಬಾರದಿತ್ತಾ?"

"ಹೇಗೆ ಹೇಳ್ಲಿ? ಕೋಟು ಹಿಡ್ಕೊಂಡು ಎಷ್ಟು ಖುಷಿಯಲ್ಲಿ ನಿಂತಿದ್ರಿ. ತರಕಾರಿಯವನಿಗೆಲ್ಲ ಹೇಳ್ಕೊಂಡು ಬಂದ್ರಿ."

ರಫೂಗಾರರು ಕೂತುಬಿಟ್ಟರು. ಅವರು ಗೆದ್ದೇ ಇರಲಿಲ್ಲ. ಬದುಕಿನಲ್ಲೇ ಒಂದು ಸಲ ಹೆಂಡತಿಯನ್ನು ಸೋಲಿಸಿದೆ ಎಂದು ಬೀದಿಯೆಲ್ಲ ಸಾರಿಕೊಂಡು ಬಂದಿದ್ದರು. ಸೋತಿದ್ದು ಆ ಬೆರಳು. ಅದು ಸತ್ತುಹೋಗಿದ್ದನ್ನು ಅವರು ತಮ್ಮ ಜಾಣತನ ಎಂದುಕೊಂಡಿದ್ದರು. ಬೊಬ್ಬೆ ಕಂಡಾಗಲಾದರೂ ತಿಳಿಯಬೇಡವೇ? ಆವತ್ತೇ ಕೇಳಿದ್ದರೆ ಆವತ್ತೇ ಡಾಕ್ಟರ ಬಳಿ ಓಡಬಹುದಿತ್ತು.

ಅಧಿಕಾರಿ ನೀರಿನ ಲೋಟವನ್ನು ಮೆಲ್ಲಗೆ ಅವರತ್ತ ಸರಿಸಿದಳು. "ನರದ ಪರೀಕ್ಷೆ ಆಗಿಲ್ವಾ?" ಎಂದು ಕತ್ತರಿಯಮ್ಮನನ್ನು ಕೇಳಿದಳು. "ಮಾಡಿಸೋಣ. ಅದು ಸಣ್ಣ ಗಾಯ ಅಲ್ಲ. ಅಷ್ಟು ನಾನು ಬರೀಬಹುದು. ಆದರೆ ತಪ್ಪು ಯಾರದು ಅನ್ನೋದು..." ಕೋಟನ್ನು ಮಡಚಿ ಪಕ್ಕಕ್ಕಿಟ್ಟಳು.

ಆಗ ದೂರದ ಕುರ್ಚಿ ಕಿರ್ರೆಂದಿತು. ಮೇಷ್ಟ್ರು ಎದ್ದು ನಿಂತಿದ್ದರು. ಜೇಬಿಗೆ ಕೈಹಾಕಿ ಏನನ್ನೋ ತೆಗೆದು ಮೇಜಿನ ಮೇಲಿಟ್ಟರು. ಕಪ್ಪು ಗುಂಡಿ.

"ನಾನು ಇದನ್ನ ಹುಡುಕೋಕೆ ಒಳಗೆ ಹೋಗಿದ್ದೆ" ಎಂದರು. "ಸಿಕ್ಕಿತು. ಕೈಯಲ್ಲಿ ಹಿಡ್ಕೊಂಡು ಬರೋವಾಗ ಕೂಗು ಕೇಳಿಸ್ತು. ಆವತ್ತಿನಿಂದ ಜೇಬಲ್ಲೇ ಇದೆ. ನಾನು ನೋಡಲಿಲ್ಲ."

"ನೋಡಿದೆ ಅಂತ ಬರೆದಿದ್ದೀರಲ್ಲ?"

"ಕೈ ಚಾಚಿರಬೇಕು ಅಂದ್ಕೊಂಡೆ. ಚಾಚಿರದಿದ್ರೆ ಮುದ್ದು ಕಚ್ಚತ್ತಾ ಅಂದ್ಕೊಂಡೆ. ಅಂದ್ಕೊಂಡು ಅಂದ್ಕೊಂಡು ನಾನೇ ನೋಡಿದ ಹಾಗಾಗಿಬಿಡ್ತು. ನೋಡಿಲ್ಲ ಅಂತ ಬರೆದುಕೊಳ್ಳಿ." ಅವರು ಕತ್ತರಿಯಮ್ಮನ ಕಡೆ ತಿರುಗಿದರು. "ನಾನೂ ಬೆರಳಲ್ಲಿ ಬದುಕೋನೇ ಕಣಮ್ಮ. ಗುಂಡಿ ಮೇಲೆ ನಿನ್ನ ಬೆರಳು ಹೋಗಿದ್ದು ನೋಡಿದೆ. ತಂತಿ ಮೇಲೆ ನನ್ನ ಬೆರಳು ಹಾಗಾದ್ರೆ..." ಕೂತುಕೊಂಡರು.

ಅಧಿಕಾರಿ ಬರೆದುಕೊಂಡಳು. ಬರೆದದ್ದನ್ನು ಓದಿಹೇಳಿ, ಮೇಷ್ಟ್ರಿಗೆ ಸಹಿ ಹಾಕಲು ತನ್ನ ಪೆನ್ನನ್ನೇ ಕೊಟ್ಟಳು. ಮೆಟ್ಟಿಲಿಳಿಯುವಾಗ ಕತ್ತರಿಯಮ್ಮನ ಷೂ ದಾರ ಬಿಚ್ಚಿತ್ತು. ರಫೂಗಾರರು ಬಗ್ಗುವ ಮೊದಲೇ ಮೇಷ್ಟ್ರು, ಆ ವಯಸ್ಸಿನಲ್ಲಿ, ಮಂಡಿಯೂರಿ ಕೂತು ಕಟ್ಟಿದರು. ಆಕೆ ಅವರ ಭುಜದ ಮೇಲೆ ಕೈಯಿಟ್ಟು ನಿಂತಳು.

ನರದ ಡಾಕ್ಟರು ಸೂಜಿಯಿಂದ ಚುಚ್ಚಿ, ತಣ್ಣನೆಯದು ಬಿಸಿಯದು ಮುಟ್ಟಿಸಿ ನೋಡಿ, ಸ್ಪರ್ಶ ಇನ್ನು ಬರುವ ಸಂಭವ ಇಲ್ಲವೆಂದೇ ಬರೆದುಕೊಟ್ಟರು. ಬೇಗ ತೋರಿಸಿದ್ದರೆ ಏನಾದರೂ ಆಗುತ್ತಿತ್ತೇ ಎಂದು ರಫೂಗಾರರು ಬಾಗಿಲ ಬಳಿ ನಿಂತು ಕೇಳಿದರು. ಡಾಕ್ಟರು ಸ್ವಲ್ಪ ಹೊತ್ತು ಅವರ ಮುಖ ನೋಡಿ, "ಹೇಳೋದು ಕಷ್ಟ" ಎಂದು ಅವರ ಬೆನ್ನು ತಟ್ಟಿದರು. ಅದು ದಯೆಯ ಮಾತು ಎಂದು ಅವರಿಗೆ ಅರ್ಥವಾಯಿತು. ನಿಜ ಯಾವುದು ಎಂದು ಮಾತ್ರ ಅರ್ಥವಾಗಲಿಲ್ಲ.

ಪರಿಹಾರ ಬಂತು. ಯಾವ ತಪ್ಪನ್ನೂ ಆಕೆಯ ತಲೆಗೆ ಕಟ್ಟದೆ, ಏನೂ ಮುರಿದುಕೊಳ್ಳದೆ ಕೊಟ್ಟರು. ವ್ಯಾಯಾಮಕ್ಕೆ, ಕೆಲಸ ಬಿಟ್ಟ ದಿನಗಳಿಗೆ, ಮುಂದೆ ಹಿಡಿಯಲಾಗದ ಕತ್ತರಿಗೆ. ನಾದಿನಿ ಸಿಹಿ ತಂದು ಎಲ್ಲರ ಬಾಯಿಗೂ ಹಾಕಿದಳು. "ನೋಡಿದ್ರಾ ಭಾವ, ಕೊಡೆ ಕೊನೆಗೂ ಅದರ ಯಜಮಾನರಿಗೇ ಸೇರ್ತು!" ರಫೂಗಾರರು ಸಿಹಿ ನುಂಗಿದರು. ಬೆರಳು ಇನ್ನು ಬರುವುದಿಲ್ಲ ಎಂದಾಗಿದ್ದರಿಂದಲೇ ಇದು ಪೂರ್ತಿ ಬಂದದ್ದು. ಡಾಕ್ಟರ ಮಾತು ಸುಳ್ಳಾಗಿ, ಇದೆಲ್ಲ ವಾಪಸ್ಸು ಹೋಗಲಿ ಎಂದು ಅವರ ಮನಸ್ಸು ಒಳಗೊಳಗೇ ಹಂಬಲಿಸುತ್ತಿತ್ತು.

ನಾಯಿಯಿರುವ ಮನೆಗೆ ಇನ್ನು ವಿಮೆ ಕೊಡುವುದಿಲ್ಲ ಎಂದಿತು ಕಂಪನಿ. ಮೇಷ್ಟ್ರು ಮುದ್ದುವನ್ನು ಊರ ಹೊರಗೆ ನಾಯಿಗಳಿಗೆ ಆಶ್ರಯ ಕೊಡುವವರಿಗೆ ಒಪ್ಪಿಸಿಬಂದರು. ರಜೆಯ ದಿನ ಬಸ್ಸು ಹತ್ತಿ ನೋಡಿಬರುತ್ತಾರೆ ಎಂದು ತರಕಾರಿಯವನು ಹೇಳಿದ. ಅಂಗಡಿಯ ಕಡೆ ಮಾತ್ರ ಅವರು ಬರಲಿಲ್ಲ. ಕಪ್ಪು ಕೋಟು ಗೂಟದ ಮೇಲೆಯೇ ಇತ್ತು.

ಒಂದು ಬೆಳಿಗ್ಗೆ ಕತ್ತರಿಯಮ್ಮ ಅದನ್ನು ತೆಗೆದು ಗಂಡನ ಮುಂದೆ ಹಾಕಿದಳು. ಅಷ್ಟು ಹೊತ್ತಿಗೆ ಆಕೆ ಎಡಗೈಯವರ ಕತ್ತರಿ ತರಿಸಿಕೊಂಡು ಹಳೆಯ ಬಟ್ಟೆಯ ಮೇಲೆ ಅಭ್ಯಾಸ ಮಾಡುತ್ತಿದ್ದಳು. "ಈ ಎಡಗೈಗೆ ಬುದ್ಧಿನೇ ಇಲ್ಲ, ಇಷ್ಟು ವರ್ಷ ಬರೀ ಹಿಡ್ಕೊಳ್ಳೋ ಕೆಲಸ ಮಾಡಿ ಮೈಗಳ್ಳ ಆಗಿದೆ" ಎಂದು ಅದನ್ನು ಬೈಯುತ್ತಿದ್ದಳು. "ಹಾಕಿ" ಎಂದಳು ಗಂಡನಿಗೆ. "ಕಛೇರಿಗೆ ಅವರು ಏನು ಹಾಕ್ಕೊಂಡು ಹೋಗ್ತಿದ್ದಾರೋ ಪಾಪ."

ರಫೂಗಾರರು ಹಾಕಿದರು. ಹಾಕುವಾಗ, ಬೇಕೆಂದೇ, ಒಂದೆರಡು ಎಳೆಯನ್ನು ಸ್ವಲ್ಪ ಎತ್ತರಕ್ಕೆ ಬಿಟ್ಟರು. ಮೇಜಿನ ಮೇಲೆ ಜಾರಿಸಿದರು. ಕೇಳಬೇಕೋ ಬೇಡವೋ ಎಂದು ಹಿಂಜರಿದರು. ಆದರೂ ಕೇಳಿದರು.

"ಎಲ್ಲಿ ಹರಿದಿತ್ತು, ಹೇಳು."

ಆಕೆ ಮುಖ ಮೇಲೆತ್ತಿದಳು. ಎಡಗೈಯ ಹೆಬ್ಬೆರಳು, ನಡೆಯಲು ಕಲಿಯುವ ಮಗುವಿನ ಹಾಗೆ, ಬಟ್ಟೆಯ ಮೇಲೆ ಹೊರಟಿತು. ನಿಂತಿತು. ಆಕೆ ಕಣ್ಣು ಕೆಳಗಿಳಿಸಿ ಬಟ್ಟೆ ನೋಡಿದಳು, ಆಮೇಲೆ ಗಂಡನನ್ನು ನೋಡಿದಳು.

"ಇದೇನು ಕೆಲಸ ರೀ? ಗಿರಾಕಿಗೆ ಕೊಡ್ತೀರಾ ಇದನ್ನ? ನಾಚಿಕೆ ಆಗಲ್ವಾ?"

"ನಿಂಗೆ ಸಿಗಲಿ ಅಂತ..."

"ನಂಗೋಸ್ಕರ ಕೆಟ್ಟದಾಗಿ ಹಾಕಬೇಡಿ." ಆಕೆ ಕೋಟನ್ನು ವಾಪಸ್ಸು ಜಾರಿಸಿದಳು. "ಬಿಚ್ಚಿ. ಸರಿಯಾಗಿ ಹಾಕಿ."

ಅವರು ಬಿಚ್ಚಿದರು. ಕಿಟಕಿಗೆ ಇನ್ನಷ್ಟು ಹತ್ತಿರ ಕೂತು, ಎಳೆ ಎಳೆಯಾಗಿ, ತಮಗೆ ಬರುವಷ್ಟೂ ಚೆನ್ನಾಗಿ ಹಾಕಿದರು. ಮೇಷ್ಟ್ರು ಕಂಪನಿಯ ಮೇಜಿನ ಮೇಲೆ ಬಿಟ್ಟುಹೋಗಿದ್ದ, ತಾವು ಎತ್ತಿಟ್ಟುಕೊಂಡು ಬಂದಿದ್ದ ಗುಂಡಿಯನ್ನೂ ಹೊಲಿದರು. ಮತ್ತೆ ಜಾರಿಸಿದರು. ಈ ಸಲ ಏನೂ ಕೇಳಲಿಲ್ಲ.

ಎಡ ಹೆಬ್ಬೆರಳು ಹೋಯಿತು, ಬಂತು, ಮತ್ತೆ ಹೋಯಿತು. ರಫೂಗಾರರು ಹಲ್ಲಲ್ಲಿ ಕಚ್ಚಿಕೊಂಡಿದ್ದ ದಾರವನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡು, ನಿಲ್ಲು, ನಿಲ್ಲು, ಎಂದು ಮನಸ್ಸಿನಲ್ಲೇ ಬೇಡುತ್ತಿದ್ದರು. ಅದು ನಿಲ್ಲಲಿಲ್ಲ.

"ಸಿಗಲಿಲ್ಲ" ಎಂದಳು ಆಕೆ.

ಕೋಟನ್ನು ನೀಟಾಗಿ ಮಡಚಿ, ಗುಂಡಿ ಮೇಲೆ ಬರುವಂತೆ ಕಾಗದದಲ್ಲಿ ಸುತ್ತಿದಳು. ತನ್ನ ಬೂದು ಕೋಟು ತೊಟ್ಟುಕೊಂಡು, "ನಾನೇ ಕೊಟ್ಟುಬರ್ತೀನಿ" ಎಂದಳು. ಅವರು ಎದ್ದು ನಿಂತರು. ಆಕೆ ಬೇಡವೆಂದು ಕೈಯಾಡಿಸಿದಳು. ಕಿಟಕಿಯಿಂದ ನೋಡಿದರು. ಆಕೆ ಬೀದಿ ದಾಟಿ, ಕೊನೆಯ ಮನೆಯ ಗೇಟಿನ ಮುಂದೆ ನಿಂತಳು. ಒಳಗೆ ನಾಯಿಯಿರಲಿಲ್ಲ, ಅದು ಆಕೆಗೂ ಗೊತ್ತು. ಆದರೂ ಬಹಳ ಹೊತ್ತು ಅಲ್ಲೇ ನಿಂತಿದ್ದಳು. ಆಮೇಲೆ ಎಡಗೈಯಿಂದ ಚಿಲಕ ತೆಗೆದಳು.